‘ಆಮೇಲೆ ನೋಡೋಣ’ ಅಂದಿದ್ದಕ್ಕೆ

“ಸರ್ರ, ನೀವು ಬರದ ಸುದ್ದಿ ಓಪನ್ ಆಗವಲ್ದು. ಬರೇ ಬಿಳಿ ಹಾಳಿ ಬರಾಕತ್ತೈತಿ.”

2024ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಂದ ಫೋನ್ ಇದು. ಅವರೂರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದನ್ನು ನಾವು ಎರಡು ವರ್ಷ ಹಿಂದೆ ಫೋಟೊ ಸಮೇತ ಬರೆದಿದ್ದೆವು. ಆ ದಿನ ಹನ್ನೊಂದಕ್ಕೆ ಗ್ರಾಮಸಭೆ. ‘ಘಟಕ ಕೆಟ್ಟಿದ್ದು ಮೊನ್ನೆ ಮೊನ್ನೆ’ ಎನ್ನುವವರಿಗೆ ನಮ್ಮ ಸುದ್ದಿಯ ತಾರೀಖು ತೋರಿಸಬೇಕು ಎಂದು ಅವರು ಮೊಬೈಲ್ ಹಿಡಿದು ಹೊರಟಿದ್ದರು.

ನಾವು ತೆರೆದು ನೋಡಿದೆವು. ಒಂದಲ್ಲ, ಎಲ್ಲ ಸುದ್ದಿಗಳೂ ಹೋಗಿದ್ದವು. ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ ರೇಗಿದೆವು. ಅವರು ಸಮಾಧಾನದಿಂದಲೇ ಕೇಳಿದರು: “ಮೂರು ಸಲ ಮೇಲ್ ಹಾಕಿದ್ವಿ, ನೋಡಿಲ್ವಾ?”

ನೋಡಿರಲಿಲ್ಲ. ಇಂಗ್ಲಿಷಿನ ಉದ್ದ ಮೇಲ್ ಎಂದು ಹಾಗೇ ಬಿಟ್ಟಿದ್ದೆವು.

ನಡೆದದ್ದು ಇಷ್ಟು. ವೆಬ್‌ಸೈಟ್ ಇರುವುದು ಎಲ್ಲೋ ದೂರದ, ನಾವು ಬಾಡಿಗೆ ಕೊಡುವ ಸರ್ವರಿನಲ್ಲಿ. ಅದನ್ನು ನಡೆಸಲು ನಮ್ಮ ಕೈಗೆ ಸಿಗುವುದು ಕಂಟ್ರೋಲ್ ಪ್ಯಾನೆಲ್. ಬಾವಿಯೊಳಗಿನ ಮೋಟರಿಗೆ ದಂಡೆಯ ಮೇಲೆ ಸ್ಟಾರ್ಟರ್ ಡಬ್ಬಿ ಇರುತ್ತದಲ್ಲ, ಹಾಗೆ. ನಮ್ಮದು ಸಿಪ್ಯಾನೆಲ್. ಅದರ ಅಪ್‌ಡೇಟ್ ಹೋಸ್ಟಿಂಗ್‌ನವರ ಕೆಲಸ, ಸಾಮಾನ್ಯವಾಗಿ ರಾತ್ರಿ ತಾನಾಗಿಯೇ ನಡೆಯುತ್ತದೆ. ಆದರೆ ಸರ್ವರಿನ ಬುಡದಲ್ಲಿದ್ದ ಸೆಂಟ್‌ಒಎಸ್ 7 ಎಂಬ ತಂತ್ರಾಂಶಕ್ಕೆ 2024ರ ಜೂನ್ 30ಕ್ಕೆ ಬೆಂಬಲ ಮುಗಿಯಿತು. ಪ್ಯಾನೆಲ್‌ನ 110ನೇ ಆವೃತ್ತಿಯ ನಂತರದವು ಅದರ ಮೇಲೆ ಕೂರುವುದೇ ಇಲ್ಲ. ಹಾಗಾಗಿ ಕಂಪನಿಯವರು ಎಲ್ಲರನ್ನೂ ಹೊಸ ಸರ್ವರಿಗೆ ಸಾಗಿಸಿದರು. ಅಲ್ಲಿ ಹಳೆಯ ಪಿಎಚ್‌ಪಿ 7.4 ಇಡಲಿಲ್ಲ. ಅದಕ್ಕೆ ಭದ್ರತಾ ತಿದ್ದುಪಡಿ ಬರುವುದು 2022ರ ನವೆಂಬರಿನಲ್ಲೇ ನಿಂತಿತ್ತು. ಇಟ್ಟುಕೊಂಡರೆ ಕಳ್ಳರಿಗೆ ಬಾಗಿಲು ತೆರೆದಿಟ್ಟ ಹಾಗೆ.

ನಮ್ಮ ಸೈಟಿನ ಥೀಮ್ ಯಾವಾಗಲೋ ಪುಕ್ಕಟೆ ಸಿಕ್ಕಿದ್ದು. ಅದರಲ್ಲಿದ್ದ ಕೆಲವು ಆಜ್ಞೆಗಳನ್ನು ಪಿಎಚ್‌ಪಿ 8ರಲ್ಲಿ ತೆಗೆದೇ ಹಾಕಿದ್ದಾರೆ. ಅಲ್ಲಿಗೆ ಸೈಟ್ ಮಲಗಿತು. ಪ್ಯಾನೆಲ್ ಅವರು ನೋಡಿಕೊಂಡರೂ ಥೀಮ್, ಪ್ಲಗಿನ್ ನೋಡಿಕೊಳ್ಳಬೇಕಾದವರು ನಾವೇ ಎಂಬುದು ಆಗ ತಿಳಿಯಿತು. ‘ಅಪ್‌ಡೇಟ್ ಮಾಡಿ’ ಎಂದು ಕೆಂಪು ಚುಕ್ಕೆ ತೋರಿಸಿದಾಗಲೆಲ್ಲ ‘ಆಮೇಲೆ ನೋಡೋಣ’ ಎಂದಿದ್ದೆವು. ಮುಟ್ಟಿದರೆ ಏನಾದರೂ ಕೆಟ್ಟೀತು ಎಂಬ ಹೆದರಿಕೆಯೂ ಇತ್ತು. ಮುಟ್ಟದೆ ಬಿಟ್ಟದ್ದೇ ಕೆಟ್ಟಿತು.

ಪ್ಯಾನೆಲ್‌ನ ಫೈಲ್ ಮ್ಯಾನೇಜರಿಗೆ ಹೋಗಿ, ಥೀಮಿನ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ವರ್ಡ್‌ಪ್ರೆಸ್‌ನ ಮಾಮೂಲಿ ಥೀಮ್ ಹಾಕಿದೆವು. ಸುದ್ದಿಗಳು ಒಂದೊಂದಾಗಿ ಕಾಣಿಸಿಕೊಂಡವು. ಆಗ ಮಧ್ಯಾಹ್ನ ನಾಲ್ಕು ಗಂಟೆ. ಗ್ರಾಮಸಭೆ ಮುಗಿದು ಜನ ಮನೆಗೆ ಹೋಗಿದ್ದರು.

ಪತ್ರಿಕೋದ್ಯಮ ಕಲಿಯುವಾಗ ಸುದ್ದಿ ತರುವುದು, ಬರೆಯುವುದು ಹೇಳಿಕೊಟ್ಟರು. ಬರೆದದ್ದನ್ನು ಕಾಯುವುದೂ ಸುದ್ದಿಗಾರನ ಕೆಲಸ ಎಂದು ನಮಗೆ ಗೊತ್ತಾದದ್ದು ಆ ದಿನ. ನಮ್ಮ ಕಡೆ ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ಸೋರಿದ ಮೇಲೆ ಹಾಕೋಣ ಎಂದು ಯಾರೂ ಕೂರುವುದಿಲ್ಲ.

ಈಗ ತಿಂಗಳ ಮೊದಲ ಭಾನುವಾರ ಇದಕ್ಕೇ ಮೀಸಲು. ಮೊದಲು ಹೋಸ್ಟಿಂಗ್‌ನವರ ಮೇಲ್ ಓದುತ್ತೇವೆ. ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳುತ್ತೇವೆ. ಆಮೇಲೆ ಪ್ಯಾನೆಲ್‌ನಿಂದ ಬ್ಯಾಕಪ್ ಇಳಿಸಿಕೊಳ್ಳುತ್ತೇವೆ: ಫೈಲುಗಳು ಬೇರೆ, ಸುದ್ದಿಯ ಅಕ್ಷರಗಳಿರುವ ಡೇಟಾಬೇಸ್ ಬೇರೆ, ಎರಡೂ ಬೇಕು. ಅದನ್ನು ಅದೇ ಸರ್ವರಿನಲ್ಲಿ ಬಿಡದೆ ಪೆನ್‌ಡ್ರೈವಿಗೆ ಹಾಕುತ್ತೇವೆ. ಅಪ್‌ಡೇಟನ್ನು ಸೈಟಿನ ನಕಲಿನ ಮೇಲೆ ಹಾಕಿ ನೋಡಿ, ಸರಿ ಇದ್ದರೆ ಅಸಲಿಗೆ.

ಮರುದಿನ ಆ ಸುದ್ದಿಯ ಪ್ರಿಂಟ್ ತೆಗೆಸಿಕೊಂಡು ಅವರ ಊರಿಗೆ ಹೋಗಿ ಕೊಟ್ಟು ಬಂದೆವು. ಅವರು ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೇಳಿದರು: “ಮುಂದಿನ ಸಭಾಕ್ಕ ಇದನ್ನ ಒಯ್ತೀನ್ರಿ. ಆದ್ರ ಮೊಬೈಲ್‌ನಾಗೂ ಇರ್ಲಿ. ಎಲ್ಲಾರೂ ನೋಡ್ತಾರ.”