ಲಾರಿಯಲ್ಲಿ ಬರುವ ಮನೆ

ಗೊರಗುಂಟೆಪಾಳ್ಯ,
ಭಾನುವಾರ

ಪ್ರೀತಿಯ ಪುಟ್ಟೀ,

ನವಲಗುಂದದ ಸೈಟಿಗೆ ಪೀಣ್ಯದಿಂದಲೇ ರೆಡಿಮೇಡ್ ಮನೆ ತರಿಸಿ, ಮಳೆಗಾಲಕ್ಕೆ ಮುಂಚೆ ಒಕ್ಕಲಾಗಬೇಕು ಅಂತ ನೀನು ಫೋನಿನಲ್ಲಿ ಹೇಳಿದಾಗಿನಿಂದ ನಿನ್ನಮ್ಮನಿಗೆ ಒಂದೇ ಅನುಮಾನ: "ತಗಡಿನ ಮನೆಗೆ ಗೃಹಪ್ರವೇಶ ಮಾಡ್ತಾರೇನ್ರೀ?" ಮಾಡ್ತಾರೆ, ಹಾಲು ಉಕ್ಕೋದಕ್ಕೆ ಇಟ್ಟಿಗೆ ಗೋಡೆಯೇ ಬೇಕಾ ಅಂದೆ. ಅರ್ಧ ಒಪ್ಪಿದ್ದಾಳೆ.

ಇಲ್ಲಿ ಎಲ್ಲ ಎಂದಿನಂತೆ. 2021ರ ಕೊನೆಯಲ್ಲಿ ನಮ್ಮ ಪೀಣ್ಯ ಮೇಲ್ಸೇತುವೆಯ ಒಳಗಿನ ಕೇಬಲ್ ಕೆಟ್ಟಿದೆ ಅಂತ ಮುಚ್ಚಿದ್ದು ನೆನಪಿದೆಯಲ್ಲ? ದೊಡ್ಡ ಲಾರಿಗಳನ್ನು ಮತ್ತೆ ಮೇಲೆ ಬಿಟ್ಟಿದ್ದು 2024ರಲ್ಲಿ. ಅಲ್ಲಿಯವರೆಗೆ ನಮ್ಮ ಪ್ಯಾನಲ್ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಿದವು. ಹೊರಗಿನಿಂದ ನೋಡಿದವರಿಗೆ ಸೇತುವೆ ಗಟ್ಟಿಯಾಗಿಯೇ ಕಾಣುತ್ತಿತ್ತು.

ಈಗ ನಿನ್ನ ಮನೆ. ಪಫ್ ಪ್ಯಾನಲ್ಲು, ಜಿ.ಐ. ಚೌಕಟ್ಟು, ಜೋಡಿಸೋದು ಕೆಲವೇ ದಿನದ ಕೆಲಸ. ಕ್ಯಾಟಲಾಗಿನವರು ಹೇಳೋದು ಅಷ್ಟರಮಟ್ಟಿಗೆ ನಿಜ. ಅವರು ಹೇಳದಿರೋದು ನಿಮ್ಮೂರಿನ ಎರೆಮಣ್ಣಿನ ಸಂಗತಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಮಳೆ ಬಿದ್ದರೆ ಉಬ್ಬುತ್ತೆ. ಮನೆ ಹಗುರವಾದಷ್ಟೂ ಅದಕ್ಕೆ ಎತ್ತೋದು ಸುಲಭ. ಒಂದು ಮೂಲೆ ಎದ್ದರೆ ಸಾಕು, ಬಾಗಿಲು ಹಿಡಿದುಕೊಳ್ಳುತ್ತೆ, ಪ್ಯಾನಲ್ ಸಂದು ಬಿಟ್ಟು ನೀರು ಇಳಿಯುತ್ತೆ. ನಮ್ಮ ಕೆಂಪುಮಣ್ಣಿನಲ್ಲಿ ನಡೆಯುವ ಎರಡಡಿ ಗುಂಡಿ ಅಲ್ಲಿ ನಡೆಯೋಲ್ಲ. ಇದಕ್ಕೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಅಂಡರ್‌ರೀಮ್ ಪೈಲ್ ರೂಪಿಸಿದರು. ಮಣ್ಣು ಅಲುಗಾಡದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರ್, ಕೊರೆದು, ತಳದಲ್ಲಿ ಗಡ್ಡೆಯ ಹಾಗೆ ಅಗಲಿಸಿ ಕಾಂಕ್ರೀಟ್ ತುಂಬೋದು. ಮೇಲಿನ ಬೀಮಿಗೂ ನೆಲಕ್ಕೂ ನಡುವೆ ಖಾಲಿ ಜಾಗ ಬಿಡಬೇಕು, ಮಣ್ಣು ಉಬ್ಬಿದರೂ ಬೀಮಿಗೆ ತಾಗಬಾರದು. ಮೇಸ್ತ್ರಿ ಅದನ್ನು ಮಣ್ಣು ತುಂಬಿ ಮುಚ್ಚಲು ಬಂದರೆ ಬಿಡಬೇಡ. ಮೊದಲು ಮಣ್ಣು ಪರೀಕ್ಷೆ. ಆಳ ಎಷ್ಟು ಅಂತ ಇಂಜಿನಿಯರೇ ಹೇಳಲಿ, ನಾನಲ್ಲ.

ಚಿಕ್ಕವಳಿದ್ದಾಗ ಶೆಡ್ಡಿಗೆ ನನ್ನ ಊಟದ ಕ್ಯಾರಿಯರ್ ತಂದವಳು ರಸಮಟ್ಟದ ಗುಳ್ಳೆ ಓಡೋದನ್ನು ನೋಡುತ್ತಾ ಕೂತುಬಿಡುತ್ತಿದ್ದೆ. ಈಗ ಆ ಗುಳ್ಳೆಯನ್ನೇ ಕಾಯಬೇಕು. ಚೌಕಟ್ಟು ಹಿಡಿಯಲು ಕಾಂಕ್ರೀಟಿನಲ್ಲಿ ಕೂರಿಸುವ ಬೋಲ್ಟುಗಳು ಒಂದೇ ಮಟ್ಟದಲ್ಲಿರಬೇಕು, ಮೂಲೆಯಿಂದ ಮೂಲೆಗೆ ಎರಡೂ ಅಳತೆ ಒಂದೇ ಬರಬೇಕು. ತಪ್ಪಿದರೆ ಜೋಡಿಸುವ ಹುಡುಗರು ಗ್ಯಾಸ್ ಕಟರ್ ಹಿಡಿದು ಪ್ಲೇಟಿನ ತೂತು ಅಗಲ ಮಾಡುತ್ತಾರೆ. ಬೇಸಿಗೆ ಮಳೆಯ ಬಿರುಗಾಳಿಗೆ ಮನೆ ಏಳದಂತೆ ಹಿಡಿಯೋದು ಆ ಬೋಲ್ಟೇ ತಾಯಿ.

ನನಗೆ ನಿದ್ದೆ ಕೆಡಿಸಿರೋದು ಸಾಲ. ಬ್ಯಾಂಕು ಮನೆ ಕಟ್ಟಲು ಕೊಡೋದು ಕಂತುಕಂತಾಗಿ: ತಳಪಾಯ, ಲಿಂಟಲ್, ಛಾವಣಿ. ಫ್ಯಾಕ್ಟರಿಯವರಿಗೆ ಲಾರಿ ಹೊರಡೋ ಮುಂಚೆಯೇ ಬಹುಪಾಲು ಹಣ ಬೇಕು. ಆಗ ನಿನ್ನ ಸೈಟಿನಲ್ಲಿ ಇರೋದು ಬೋಲ್ಟ್ ಚಾಚಿದ ಕಂಬಗಳಷ್ಟೇ. ಅದನ್ನು ನೋಡಿ ಯಾವ ಮ್ಯಾನೇಜರ್ ದುಡ್ಡು ಬಿಡುತ್ತಾರೆ? ಅಡ್ವಾನ್ಸ್ ಕೊಡೋ ಮುಂಚೆ ಬ್ಯಾಂಕಿನಲ್ಲಿ ಇದನ್ನು ಕೇಳಿ, ಬರೆಸಿಕೊಳ್ಳಿ. ಇ-ಖಾತಾ, ಇ.ಸಿ., ಕನ್ವರ್ಷನ್ ಆದೇಶ ಎಲ್ಲ ಒಂದೇ ಫೈಲಿನಲ್ಲಿರಲಿ. 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ನೂರಕ್ಕೆ 90ರವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ಮಿತಿಯಿದೆ. ಕೊಡಲೇಬೇಕು ಅಂತಲ್ಲ. "ಪರ್ಸನಲ್ ಲೋನ್ ತಗೊಳ್ಳಿ ಮೇಡಂ" ಅಂದರೆ ಎದ್ದು ಬಾ. ಬಡ್ಡಿ ಜಾಸ್ತಿ, ವರ್ಷ ಕಮ್ಮಿ. ಫ್ಯಾಕ್ಟರಿಯವರಿಗೂ ಕೊನೆಯ ಕಂತು ಮೊದಲ ದೊಡ್ಡ ಮಳೆ ಆದಮೇಲೆ ಅಂತ ಕರಾರು ಮಾಡಿಸು. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ನಿನ್ನಮ್ಮ ಬಳೆ ಅಡವಿಡೋಣ ಅಂತಿದ್ದಾಳೆ. ನೀನು ಕೇಳಿದ್ದಲ್ಲ ಅಂತ ಗೊತ್ತು. ಆದರೂ ಅಳಿಯಂದಿರ ಮುಂದೆ ಆ ಮಾತು ಎತ್ತಬೇಡ.

ಬೋಲ್ಟ್ ಕೂರಿಸುವ ದಿನಕ್ಕೆ ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿ ಬರುತ್ತೇನೆ. ತೂತು ಕೊರೆದ ಟೆಂಪ್ಲೇಟು ಇಲ್ಲೇ ಮಾಡಿಸಿ ತರುತ್ತೇನೆ, ಜೊತೆಗೆ ನಿನ್ನಮ್ಮನ ಸಾರಿನ ಪುಡಿ. ಅಲ್ಲಿಯವರೆಗೆ ಕಾಂಕ್ರೀಟ್ ಹಾಕಬೇಡಿ ಅಂತ ಮೇಸ್ತ್ರಿಗೆ ಇವತ್ತೇ ಹೇಳಿಬಿಡು.

ನಿನ್ನ ಅಪ್ಪ