ಫಾರ್ಮ್ಯಾಟ್ ಮಾಡುವ ಮುಂಚೆ

ನಮ್ಮ ಮನೆಯ ಕಂಪ್ಯೂಟರಿಗೆ 'ಗೇಮಿಂಗ್ ಪಿಸಿ' ಎಂದು ಹೆಸರಿಟ್ಟವನು ನನ್ನ ತಮ್ಮ. 2019ರಲ್ಲಿ ಅಬ್ಬಾ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದು. ಏಳನೇ ತಲೆಮಾರಿನ ಐ5 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್. ಹೆಸರು ಗೇಮಿಂಗ್ ಎಂದಿದ್ದರೂ ತಿಲಕ್‌ನಗರದ ನಮ್ಮ ಪುಟ್ಟ ಹಾಲ್‌ನಲ್ಲಿ ಅದು ಎಲ್ಲರ ಸೊತ್ತು. ಅಬ್ಬಾರ ಅಂಗಡಿ ಬಿಲ್ಲು, ನನ್ನ ಕಂಪ್ಯೂಟರ್ ಸೈನ್ಸ್ ಪ್ರೋಗ್ರಾಮ್‌ಗಳು, ಅಮ್ಮಿ ಜೋಪಾನ ಮಾಡಿದ ಮದುವೆ ಫೋಟೋಗಳು ಎಲ್ಲ ಅದರಲ್ಲೇ. ಮಾಮು ತಮ್ಮ ಡಿಟಿಪಿ ಅಂಗಡಿ ಮುಚ್ಚಿದ ಮೇಲೆ ಅಲ್ಲಿನ ಹಾರ್ಡ್ ಡಿಸ್ಕನ್ನೂ ತಂದು ಇದರೊಳಗೇ ಸೇರಿಸಿದ್ದರು.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಬೇಕು, ನಮ್ಮದು ಏಳು. ಒಂದೇ ಒಂದು ತಲೆಮಾರಿನ ವ್ಯತ್ಯಾಸಕ್ಕೆ ಚೆನ್ನಾಗಿ ಓಡುವ ಯಂತ್ರವನ್ನು 'ಹಳತು' ಎನ್ನುವುದು ನನಗಂತೂ ನ್ಯಾಯವಾಗಿ ಕಾಣಲಿಲ್ಲ. ಒಂದು ದಾರಿ ಉಳಿದಿತ್ತು. ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುತ್ತಾರೆ. ಅಷ್ಟರಲ್ಲಿ ಸಿಸ್ಟಮ್ ಆನ್ ಆಗಲು ಐದು ನಿಮಿಷ ತೆಗೆದುಕೊಳ್ಳುತ್ತಿತ್ತು, ಹಳೆಯ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ದೀಪಾವಳಿ ರಜೆಯಲ್ಲಿ ಹೊಸ ಎಸ್‌ಎಸ್‌ಡಿ ಹಾಕಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡುವುದೆಂದು ತೀರ್ಮಾನವಾಯಿತು. ಮಾಡುವವಳು ನಾನು.

ತಮ್ಮನ ಮೊದಲ ಪ್ರಶ್ನೆ: "ಆಪಾ, ನನ್ನ ಲಾಲ್‌ಬಾಗ್ ಹೋಗಲ್ಲ ತಾನೆ?"

ಮೈನ್‌ಕ್ರಾಫ್ಟ್‌ನಲ್ಲಿ ಅವನು ಆರನೇ ಕ್ಲಾಸಿನಿಂದ ಕಟ್ಟುತ್ತಿರುವ ಲಾಲ್‌ಬಾಗ್ ಅದು. ಗಾಜಿನ ಮನೆ, ಕೆರೆ, ಬಂಡೆಯ ಮೇಲೆ ಕೆಂಪೇಗೌಡರ ಗೋಪುರ, ಎಲ್ಲವೂ ಇದೆ. ಗೇಮ್ ಆಡುವವರು ಇದನ್ನು ತಿಳಿದಿರಬೇಕು: ಗೇಮ್ ಎಷ್ಟೇ ದೊಡ್ಡದಿರಲಿ, ಮತ್ತೆ ಡೌನ್‌ಲೋಡ್ ಆಗುತ್ತದೆ. ಸ್ಟೀಮ್‌ನ ಗೇಮ್‌ಗಳಾದರೆ 'ಸ್ಟೀಮ್‌ಆ್ಯಪ್ಸ್' ಫೋಲ್ಡರನ್ನು ಬೇರೆ ಡಿಸ್ಕಿಗೆ ಹಾಕಿಟ್ಟರೆ ಆ ಡೌನ್‌ಲೋಡೂ ಬಹುಪಾಲು ಉಳಿಯುತ್ತದೆ. ಮತ್ತೆ ಸಿಗದಿರುವುದು ನೀವು ಆಡಿದ್ದು, ಅಂದರೆ ಸೇವ್ ಫೈಲ್. ಅದು ಸಣ್ಣದು, ಮೇಲಾಗಿ ಬಚ್ಚಿಟ್ಟುಕೊಂಡಿರುತ್ತದೆ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಪ್ರಪಂಚಗಳು 'ಆ್ಯಪ್‌ಡೇಟಾ' ಎಂಬ ಫೋಲ್ಡರಿನ ಒಳಗಿರುತ್ತವೆ. ಆ ಫೋಲ್ಡರು ಮಾಮೂಲಾಗಿ ಕಣ್ಣಿಗೇ ಕಾಣುವುದಿಲ್ಲ, 'ಹಿಡನ್ ಐಟಮ್ಸ್' ಟಿಕ್ ಮಾಡಬೇಕು. ಇನ್ನು ಕೆಲವು ಗೇಮ್‌ಗಳ ಸೇವ್ 'ಡಾಕ್ಯುಮೆಂಟ್ಸ್'ನಲ್ಲಿ ಇರುತ್ತದೆ. ಡಿ ಡ್ರೈವ್ ಕಾಪಿ ಮಾಡಿದೆ, ಸಾಕು ಎಂದುಕೊಂಡರೆ ಇವೆಲ್ಲ ಸಿ ಡ್ರೈವ್ ಜೊತೆಗೇ ಅಳಿಸಿಹೋಗುತ್ತವೆ. ತಮ್ಮನ ಇಡೀ ಲಾಲ್‌ಬಾಗ್ ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಕೂತಿತು.

ನನಗೆ ಚಿಂತೆಯಿದ್ದದ್ದು ಮಾಮು ಡಿಸ್ಕಿನ ಎರಡು ಫೈಲುಗಳ ಬಗ್ಗೆ.

ನಮ್ಮ ನಾನಾ ರಾಮನಗರದಲ್ಲಿ ರೇಷ್ಮೆ ರೀಲರ್ ಆಗಿದ್ದರು. ಗೂಡಿನ ಮಾರುಕಟ್ಟೆಯ ಹರಾಜು, ಬಿಸಿನೀರಿನಲ್ಲಿ ಕೈಯಾಡಿಸಿ ನೂಲು ತೆಗೆಯುವವರ ಬೆರಳುಗಳು, ಒಂದು ಮಳೆಗಾಲ ಪೂರ್ತಿ ಕೆಲಸ ನಿಂತದ್ದು, ಇದನ್ನೆಲ್ಲ ಅವರು ಕೊನೆಯ ವರ್ಷಗಳಲ್ಲಿ ಮಾಮುವಿಗೆ ಹೇಳಿ ಬರೆಸಿದರು. ಮಾರುಕಟ್ಟೆಯ ಮಾತೆಲ್ಲ ಕನ್ನಡದಲ್ಲಿ ಬಂತು, ಏಕೆಂದರೆ ಅವರು ವ್ಯಾಪಾರ ಮಾಡಿದ್ದು ಕನ್ನಡದಲ್ಲಿ. ಮನೆಯ ಮಾತು, ನಾನಿಯ ಮಾತು ಉರ್ದುವಿನಲ್ಲಿ. ಮಾಮು ಕನ್ನಡವನ್ನು ನುಡಿಯಲ್ಲೂ ಉರ್ದುವನ್ನು ಇನ್‌ಪೇಜ್‌ನಲ್ಲೂ ಟೈಪ್ ಮಾಡಿದರು. ಮದುವೆ ಕಾರ್ಡುಗಳಿಗೆ ದಿನವೂ ಬಳಸುತ್ತಿದ್ದ ತಂತ್ರಾಂಶಗಳು ಅವೇ. ನಾನಾ ಈಗಿಲ್ಲ. ಕಾಗದದ ಪ್ರತಿಯೂ ಇಲ್ಲ.

ಎರಡು ಫೈಲೂ ಸೇರಿ ಒಂದು ಹಾಡಿನಷ್ಟೂ ಜಾಗ ಹಿಡಿಯುವುದಿಲ್ಲ. ಕಾಪಿ ಮಾಡಲು ಒಂದು ಕ್ಷಣ. ಫಾರ್ಮ್ಯಾಟ್ ಮಾಡುವ ಮುಂಚೆ ಬೇರೆ ಕಡೆ ತೆರೆದು ನೋಡೋಣ ಎಂದು ಪೆನ್‌ಡ್ರೈವನ್ನು ಕಾಲೇಜು ಲ್ಯಾಬಿಗೆ ತಂದೆ. ಕನ್ನಡದ ಫೈಲು ತೆರೆಯಿತು, ಆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಗೀಟು, ಟೋಪಿ. ಉರ್ದು ಫೈಲಂತೂ ತೆರೆಯಲೇ ಇಲ್ಲ, ಲ್ಯಾಬಿನಲ್ಲಿ ಇನ್‌ಪೇಜ್ ಇಲ್ಲವಲ್ಲ.

ಕಾರಣ ಇಷ್ಟು. ಹಳೆಯ ನುಡಿ ಫೈಲುಗಳಲ್ಲಿ ಕನ್ನಡ ಅಕ್ಷರ ಎಂಬುದೇ ಇರುವುದಿಲ್ಲ. ಇಂಗ್ಲಿಷಿಗೆಂದು ಇದ್ದ ಸಂಕೇತಗಳಿಗೆ ನುಡಿಯ ಫಾಂಟು ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ತೆಗೆದರೆ ಒಳಗಿನ ಸಂಕೇತ ಬೆತ್ತಲಾಗುತ್ತದೆ. ಮೊಬೈಲಿನಲ್ಲಿ ನಾವೆಲ್ಲ ಟೈಪಿಸುವ ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ 'ಕ'ಕ್ಕೆ ತನ್ನದೇ ಸಂಖ್ಯೆಯಿದೆ. ವಿಂಡೋಸ್ ಫಾರ್ಮ್ಯಾಟ್ ಮಾಡಿದಾಗ ನಾವು ಹಾಕಿಕೊಂಡ ಫಾಂಟುಗಳೂ ಹೋಗುತ್ತವೆ. ಅಂದರೆ ನಾನಾರ ಮಾತು ಡಿಸ್ಕಿನಲ್ಲಿ ಭದ್ರವಾಗಿ ಇದ್ದುಕೊಂಡೇ ಓದಲಾಗದೆ ಹೋಗುವ ಸಂಭವವಿತ್ತು.

ಹೀಗಾಗಿ ಹಳೆಯ ವಿಂಡೋಸ್ ಇನ್ನೂ ಉಸಿರಾಡುತ್ತಿರುವಾಗಲೇ ಮಾಮುವನ್ನು ಕರೆಸಿದೆವು. ಅವರು ಎರಡೂ ಫೈಲು ತೆರೆದು ಮೊದಲು ಪಿಡಿಎಫ್ ಮಾಡಿಕೊಟ್ಟರು. ಪಿಡಿಎಫ್‌ನಲ್ಲಿ ಫಾಂಟು ಒಳಗೇ ಸೇರಿಕೊಳ್ಳುವುದರಿಂದ ಯಾವ ಯಂತ್ರದಲ್ಲೂ ಓದಬಹುದು, ಆದರೆ ಹುಡುಕಲು, ತಿದ್ದಲು ಆಗದು. ಅದಕ್ಕೆ ನುಡಿಯ ಪರಿವರ್ತಕದಿಂದ ಯೂನಿಕೋಡ್ ಪ್ರತಿಯನ್ನೂ ತೆಗೆದೆವು. ಫಾಂಟುಗಳನ್ನೂ ನುಡಿ, ಇನ್‌ಪೇಜ್‌ಗಳ ಸೆಟಪ್ ಫೈಲುಗಳನ್ನೂ ಅದೇ ಫೋಲ್ಡರಿಗೆ ಹಾಕಿದೆ. ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿಗೆ, ಒಂದು ಗೂಗಲ್ ಡ್ರೈವಿಗೆ, ಒಂದು ಬನಶಂಕರಿಯ ಖಾಲಾ ಮನೆಗೆ. ಒಂದೇ ಮನೆಯ ಒಂದೇ ಕಪಾಟಿನಲ್ಲಿ ಮೂರು ಪ್ರತಿ ಇಟ್ಟರೆ ಅದು ಒಂದೇ ಪ್ರತಿಯ ಲೆಕ್ಕ ಎಂದು ನನ್ನ ಅಭಿಪ್ರಾಯ.

ಇನ್‌ಸ್ಟಾಲ್ ಮಾಡಿದ ಕಥೆಯಲ್ಲಿ ಹೇಳುವಂಥದ್ದು ಕಡಿಮೆ. ಎಂಟು ಜಿಬಿ ಪೆನ್‌ಡ್ರೈವ್ ಸಾಕು, ಮೈಕ್ರೋಸಾಫ್ಟೇ ಕೊಡುವ ಮೀಡಿಯಾ ಕ್ರಿಯೇಷನ್ ಟೂಲ್ ಅದನ್ನು ತಯಾರು ಮಾಡುತ್ತದೆ. ನಾನು ಹೊಸ ಎಸ್‌ಎಸ್‌ಡಿ ಒಂದನ್ನು ಬಿಟ್ಟು ಉಳಿದ ಡಿಸ್ಕುಗಳ ಕೇಬಲ್ ಕಿತ್ತಿಟ್ಟೆ. ಕಣ್ಣೆದುರು ಒಂದೇ ಡಿಸ್ಕ್ ಇದ್ದರೆ ಬೇರೆಯದನ್ನು ಅಳಿಸುವ ಪ್ರಶ್ನೆಯೇ ಬರುವುದಿಲ್ಲ. ಇಂಟರ್‌ನೆಟ್ಟಿನ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು ಎಂಬಲ್ಲಿ ಸಿಕ್ಕಿಬೀಳುತ್ತೀರಿ. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿದ್ದರಿಂದ ತಾನಾಗಿಯೇ ಆ್ಯಕ್ಟಿವೇಟ್ ಆಯಿತು. ಸಂಜೆಯ ಹೊತ್ತಿಗೆ ತಮ್ಮ ತನ್ನ ಗಾಜಿನ ಮನೆಯ ಮುಂದೆ ನಿಂತಿದ್ದ.

ನನ್ನ ಕೆಲಸ ಆಗ ಶುರುವಾಯಿತು. ಪರಿವರ್ತಕ ಎಲ್ಲ ಅಕ್ಷರವನ್ನೂ ಸರಿಯಾಗಿ ತಂದಿಲ್ಲ, ಅದರಲ್ಲೂ ಅರ್ಕಾವೊತ್ತು. ಹಳೆಯ ಫೈಲಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. ಹಾಗಾಗಿ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ನೋಡುತ್ತಿದ್ದೇನೆ. ನೋಡುತ್ತಾ ಓದುತ್ತಿದ್ದೇನೆ. ನಾನಾ ಹರಾಜಿನಲ್ಲಿ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಕೇಳುತ್ತಿದ್ದರಂತೆ, ಒಳಗೆ ಹುಳು ಕೋಶವಾಗಿ ಗಟ್ಟಿಯಾಗಿದೆಯೋ ಇಲ್ಲವೋ ಎಂದು. ಈ ವಿಷಯ ಅಮ್ಮಿಗೂ ಗೊತ್ತಿರಲಿಲ್ಲ. ಓದಿ ಹೇಳಿದಾಗ ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಿ, ಇನ್ನೊಂದು ಸಲ ಓದು ಎಂದರು.

ಉರ್ದು ಭಾಗವನ್ನು ಮಾಮು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡುತ್ತಿದ್ದಾರೆ. ಕನ್ನಡದ್ದು ಇನ್ನು ಒಂಬತ್ತು ಪುಟ ಬಾಕಿ. ಮಗ್ರಿಬ್‌ನಿಂದ ಇಶಾವರೆಗೆ ಕಂಪ್ಯೂಟರ್ ನನ್ನದು, ಇಶಾ ಆದ ಮೇಲೆ ಒಂದು ಗಂಟೆ ತಮ್ಮನದು. ಹಾಗೆಂದು ಅಬ್ಬಾ ಕಾಗದದಲ್ಲಿ ಬರೆದು ಸಿಪಿಯು ಮೇಲೆ ಅಂಟಿಸಿದ್ದಾರೆ.