ಶಿಫ್ಟ್ ಮುಗಿದ ಮೇಲೆ ಮ್ಯಾಚ್

ಫಸ್ಟ್ ಸೆಮ್ ಎಕ್ಸಾಮ್ ಮುಗಿದ ವಾರ ತಾತನನ್ನು ಕಂಠೀರವ ಸ್ಟೇಡಿಯಂಗೆ ಕರ್ಕೊಂಡು ಹೋದೆ. ಬೆಂಗಳೂರು ಎಫ್‌ಸಿ ಮ್ಯಾಚ್ ಇತ್ತು. ನಾನು ನೀಲಿ ಜೆರ್ಸಿ ಹಾಕಿದ್ದೆ. ತಾತ ಎಂದಿನ ಹಾಗೆ ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಶರ್ಟು, ಜೇಬಲ್ಲಿ ಪೆನ್ನು. ರಾಮಮೂರ್ತಿನಗರದಿಂದ ಆಟೋದಲ್ಲಿ ಕೆ.ಆರ್. ಪುರ ಮೆಟ್ರೋ ಸ್ಟೇಷನ್‌ಗೆ ಬಂದು, ಪ್ಲಾಟ್‌ಫಾರ್ಮ್ ಮೇಲೆ ಟ್ರೈನ್‌ಗೆ ಕಾಯ್ತಾ ನಿಂತಿದ್ವಿ.

"ಇದು ಎಷ್ಟು ವರ್ಷದ ಟೀಮು?" ಅಂತ ಕೇಳಿದರು ತಾತ.

"2013ರಲ್ಲಿ ಶುರುವಾಗಿದ್ದು ತಾತ. ಬೆಂಗಳೂರಿನ ಮೊದಲನೇ ದೊಡ್ಡ ಟೀಮ್."

ತಾತ ನಕ್ಕರು. "ಹಂಗಾದ್ರೆ ನಾವು ಮೂವತ್ತು ವರ್ಷ ನೋಡಿದ್ದೇನೋ ಮರಿ, ಗೋಲಿ ಆಟಾನಾ?" ಅಂದು ದೂರವಾಣಿನಗರದ ಕಡೆ ಕೈ ತೋರಿಸಿದರು. "ಅಲ್ಲಿತ್ತು ನೋಡು ನಮ್ಮ ಟೀಮು. ಐಟಿಐ."

ನಮ್ಮ ಜನರೇಷನ್‌ಗೆ ಐಟಿಐ ಅಂದ್ರೆ ಎಸ್ಎಸ್ಎಲ್‌ಸಿ ಆದ್ಮೇಲೆ ಮಾಡೋ ಕೋರ್ಸು. ತಾತನಿಗೆ ಅದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾದ, ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉದ್ದಿಮೆ. ದೂರವಾಣಿನಗರ ಅನ್ನೋ ಹೆಸರು ಬಂದಿದ್ದೇ ಆ ಫ್ಯಾಕ್ಟರಿಯಿಂದ. ತಾತ ಅಲ್ಲಿ ಅಸೆಂಬ್ಲಿಯಲ್ಲಿದ್ದರು. ನಾನು ಹೂಡಿಯಿಂದ ಎಷ್ಟೋ ಸಲ ಆ ಕಡೆ ಓಡಾಡಿದ್ದೀನಿ. ಆ ಕಾಂಪೌಂಡ್ ಒಳಗೆ ಒಂದು ಫುಟ್‌ಬಾಲ್ ಟೀಮ್ ಇತ್ತು, ಅದು ದೇಶದ ಲೀಗ್‌ನಲ್ಲಿ ಆಡಿತ್ತು ಅನ್ನೋದು ಅವತ್ತಿನವರೆಗೂ ಗೊತ್ತಿರಲಿಲ್ಲ. ಚೆಲ್ಸಿಯ ಪ್ಲೇಯಿಂಗ್ ಇಲೆವೆನ್ ಕಂಠಪಾಠ ಇರೋ ನನಗೆ ನಾಚಿಕೆ ಆಯ್ತು.

ಆಮೇಲೆ ಹುಡುಕಿದೆ, ತಾತನನ್ನೂ ಕೆದಕಿದೆ. ಐಟಿಐ ಒಂದೇ ಅಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್ಎಎಲ್‌ಗೆ ಟೀಮ್ ಇತ್ತು. ರಾಡಾರ್ ಮಾಡುವ ಎಲ್ಆರ್‌ಡಿಇಗೆ ಇತ್ತು. ಈಗ ನಾವು ಪ್ಲೇಸ್‌ಮೆಂಟ್ ಲಿಸ್ಟ್‌ನಲ್ಲಿ ಹುಡುಕೋ ಹೆಸರುಗಳನ್ನ ತಾತನ ಕಾಲದವರು ಮ್ಯಾಚ್ ಲಿಸ್ಟ್‌ನಲ್ಲಿ ಹುಡುಕ್ತಿದ್ರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಅವರೆಲ್ಲ ಸೇರೋ ಜಾಗ. ಆಟಗಾರರು ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದಂಥ ಕಡೆಗಳಿಂದ ಬರ್ತಿದ್ರು. ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಇದೆ, ನಂಬದಿದ್ರೆ ಹೋಗಿ ನೋಡಿ.

ಇನ್ನೂ ಹಿಂದೆ ಹೋದರೆ ಬೆಂಗಳೂರು ಮುಸ್ಲಿಮ್ಸ್ ಅಂತ ಒಂದು ಕ್ಲಬ್ಬು. ಬಾಂಬೆಯ ರೋವರ್ಸ್ ಕಪ್ 1891ರಲ್ಲಿ ಶುರುವಾಗಿ, ದಶಕಗಟ್ಟಲೆ ಬ್ರಿಟಿಷ್ ಸೇನೆಯ ಟೀಮ್‌ಗಳ ಕೈಯಲ್ಲೇ ಇತ್ತು. 1937ರಲ್ಲಿ ಅದನ್ನ ಕಿತ್ತುಕೊಂಡಿದ್ದು ಈ ಬೆಂಗಳೂರು ಹುಡುಗರು. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. 1911ರಲ್ಲಿ ಮೋಹನ್ ಬಾಗಾನ್ ಐಎಫ್ಎ ಶೀಲ್ಡ್ ಗೆದ್ದ ಕಥೆ ಕ್ವಿಜ್‌ನಲ್ಲಿ ಎಲ್ಲರಿಗೂ ಗೊತ್ತು. ನಮ್ಮೂರಿನ ಈ ಕಥೆಯನ್ನ ನನಗೆ ಯಾವ ಕ್ವಿಜ್ ಮಾಸ್ಟರೂ ಕೇಳಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ.

ಈ ಫ್ಯಾಕ್ಟರಿ ಟೀಮ್‌ಗಳು ಹೇಗೆ ನಡೀತಿದ್ವು ಅನ್ನೋದು ನನಗೆ ಎಲ್ಲಕ್ಕಿಂತ ಇಂಟರೆಸ್ಟಿಂಗ್ ಅನ್ನಿಸ್ತು. ಸ್ಪೋರ್ಟ್ಸ್ ಕೋಟಾದಲ್ಲಿ ಹುಡುಗ ಕೆಲಸಕ್ಕೆ ಸೇರ್ತಾನೆ. ಅವನಿಗೂ ತಾತನ ಹಾಗೇ ಟೋಕನ್ ನಂಬರ್, ಸಂಬಳ, ಪಿಎಫ್, ಕ್ಯಾಂಟೀನ್ ಊಟ. ಬೆಳಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ. ಮ್ಯಾಚ್ ಇದ್ದ ದಿನ ಶಿಫ್ಟ್ ಮುಗಿಸಿದ ಅರ್ಧ ಫ್ಯಾಕ್ಟರಿ ಸ್ಟೇಡಿಯಂ ಕಡೆ ಹೊರಡ್ತಿತ್ತಂತೆ.

"ಗೋಲ್ ಹೊಡೆದವನು ಮಾರನೇ ದಿನ ನಮ್ಮ ಪಕ್ಕದ ಬೆಂಚಲ್ಲೇ ಕೂತಿರೋನು" ಅಂದರು ತಾತ. "ಚೆನ್ನಾಗಿ ಆಡಿದ್ರೆ ಟೀ ಕೊಡಿಸ್ತಿದ್ವಿ. ಕೆಟ್ಟದಾಗಿ ಆಡಿದ್ರೆ ಸಂಜೆವರೆಗೂ ಅವನ ಕಿವಿ ತಿಂತಿದ್ವಿ."

ಸುನಿಲ್ ಛೆಟ್ರಿ ಪೆನಾಲ್ಟಿ ಮಿಸ್ ಮಾಡಿದ್ರೆ ನಾವು ಕಮೆಂಟ್ ಹಾಕಬಹುದು ಅಷ್ಟೇ. ಪಕ್ಕದ ಬೆಂಚಲ್ಲಿ ಸಿಗಲ್ಲ.

ಇಂಥ ಟೀಮ್‌ಗಳು ಬರೀ ಲೋಕಲ್ ಲೀಗ್‌ನಲ್ಲಿ ಉಳಿದಿರಲಿಲ್ಲ. 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯ್ತು. ಅದರಲ್ಲಿ ಐಟಿಐ, ಎಚ್ಎಎಲ್ ಎರಡೂ ಆಡಿವೆ, ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎದುರಿಗೆ. ಆ ಲೀಗ್ ಹನ್ನೊಂದು ಸೀಸನ್ ನಡೆದು 2007ರಲ್ಲಿ ಮುಗೀತು, ಅದರ ಜಾಗಕ್ಕೆ ಐ-ಲೀಗ್ ಬಂತು. ಎಚ್ಎಎಲ್ 2010ರಲ್ಲಿ ಸೆಕೆಂಡ್ ಡಿವಿಷನ್‌ನಿಂದ ಮೇಲೆ ಬಂದು ಐ-ಲೀಗ್ ಸೇರಿತು. 2011–12ರಲ್ಲಿ ಹದಿನಾಲ್ಕು ಟೀಮ್‌ಗಳಲ್ಲಿ ಹದಿನಾಲ್ಕನೆಯದಾಗಿ ಕೆಳಗೆ ಇಳೀತು. ಆಮೇಲೆ ಬೆಂಗಳೂರಿನ ಯಾವ ಫ್ಯಾಕ್ಟರಿ ಟೀಮೂ ಅಲ್ಲಿಗೆ ಹತ್ತಲಿಲ್ಲ.

ಯಾಕೆ ಹೀಗಾಯ್ತು? ನಾನು ಇ.ಸಿ. ಬ್ರಾಂಚ್ ಆಗಿರೋದ್ರಿಂದ ಮೊದಲನೇ ಕಾರಣ ಬೇಗ ಅರ್ಥ ಆಯ್ತು. ಐಟಿಐನಲ್ಲಿ ಮಾಡ್ತಿದ್ದಿದ್ದು ಸ್ಟ್ರೋಜರ್, ಕ್ರಾಸ್‌ಬಾರ್ ಥರದ ಎಕ್ಸ್‌ಚೇಂಜ್‌ಗಳು. ಸಾವಿರಾರು ರಿಲೇ, ಸಾವಿರಾರು ಕೈಗಳ ಕೆಲಸ. ಡಿಜಿಟಲ್ ಸ್ವಿಚಿಂಗ್ ಬಂದಾಗ ಅಷ್ಟು ಕೈ ಬೇಕಾಗಲಿಲ್ಲ. 1991ರ ನಂತರ ಮಾರುಕಟ್ಟೆ ತೆರೀತು, ಪ್ರೈವೇಟ್ ಕಂಪನಿಗಳು ಬಂದ್ವು, ಆಮೇಲೆ ಮೊಬೈಲ್. ಫ್ಯಾಕ್ಟರಿಗೆ ಹೊಸಬರನ್ನ ತಗೊಳ್ಳೋದೇ ಕಡಿಮೆ ಆದ್ಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ಲೆಫ್ಟ್ ಬ್ಯಾಕ್ ತಗೊಳ್ಳೋರು ಯಾರು? ಇಪ್ಪತ್ತರ ಹುಡುಗರು ಬರದೆ ಇದ್ರೆ ಟೀಮ್‌ಗೆ ವಯಸ್ಸಾಗುತ್ತೆ, ಅಷ್ಟೇ. ಮುಚ್ಚಿದ್ದೀವಿ ಅಂತ ಯಾರೂ ಬೋರ್ಡ್ ಹಾಕಬೇಕಾಗಿಲ್ಲ.

ಎರಡನೇ ಕಾರಣ ನಿಯಮ. ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ನಿನ ಕ್ಲಬ್ ಲೈಸೆನ್ಸಿಂಗ್ ಬಂತು. ಕ್ಲಬ್ ಅಂದ್ರೆ ಬೇರೆಯದೇ ಸಂಸ್ಥೆ ಆಗಿರಬೇಕು, ಅದಕ್ಕೇ ಲೆಕ್ಕಪತ್ರ, ಯೂತ್ ಟೀಮ್ ಎಲ್ಲ ಇರಬೇಕು. ಕಂಪನಿಯ ಒಂದು ವಿಭಾಗ ಫುಟ್‌ಬಾಲ್ ಆಡಿದ್ರೆ ಸಾಲದು. 2013ರಲ್ಲಿ ಏರ್ ಇಂಡಿಯಾ, ಒಎನ್‌ಜಿಸಿ ಟೀಮ್‌ಗಳು ಐ-ಲೀಗ್‌ನಿಂದ ಹೊರಗೆ ಹೋದ್ವು. ಅದೇ 2013ರಲ್ಲಿ ಜೆಎಸ್‌ಡಬ್ಲ್ಯೂ ಬೆಂಗಳೂರು ಎಫ್‌ಸಿ ಕಟ್ಟಿತು, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದ ವರ್ಷ ಅದು. ನಾನು ಎರಡನೇ ಬಾಗಿಲಿನಿಂದ ಒಳಗೆ ಬಂದವನು.

ಹೊಸ ಮಾದರಿ ಗಟ್ಟಿ ಅಂತ ಅಂದ್ಕೊಂಡಿದ್ದೆ. ಪ್ರೊಫೆಷನಲ್, ಕಾರ್ಪೊರೇಟ್, ಪ್ಲಾನಿಂಗ್ ಇರುತ್ತೆ ಅಂತ. ಆದರೆ ಲಿಸ್ಟ್ ಮಾಡ್ತಾ ಹೋದರೆ ಸ್ಮಶಾನದಲ್ಲಿ ನಡೆದ ಹಾಗೆ. ನಮ್ಮೂರಲ್ಲೇ ಓಜೋನ್ ಎಫ್‌ಸಿ 2015ರಲ್ಲಿ ಹುಟ್ಟಿ ಕೆಲವೇ ವರ್ಷ ಬಾಳಿತು. ಮಹೀಂದ್ರಾ ಯುನೈಟೆಡ್ 2010ರಲ್ಲಿ, ನ್ಯಾಷನಲ್ ಲೀಗಿನ ಮೊದಲ ಚಾಂಪಿಯನ್ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದ್ವು. ಜೆಸಿಟಿ ಗೆದ್ದ ಆ ಟೀಮ್‌ನಲ್ಲಿ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಇದ್ದರು. ಪುಣೆಯ ಭಾರತ್ ಎಫ್‌ಸಿ ಆಡಿದ್ದು ಒಂದೇ ಸೀಸನ್. ಚೀನಾದ ಜಿಯಾಂಗ್ಸು 2020ರ ನವೆಂಬರ್‌ನಲ್ಲಿ ದೇಶದ ಚಾಂಪಿಯನ್ ಆಗಿ, 2021ರ ಫೆಬ್ರವರಿಯಲ್ಲಿ ಮುಚ್ಚಿಹೋಯ್ತು. ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ 1977ರಲ್ಲಿ ಕಲ್ಕತ್ತಾಗೆ ಬಂದು ಮೋಹನ್ ಬಾಗಾನ್ ಜೊತೆ 2–2 ಡ್ರಾ ಮಾಡಿಕೊಂಡಿತ್ತು. ಆ ಕಾಸ್ಮಾಸ್ ಇದ್ದ ಅಮೆರಿಕದ ಲೀಗೇ 1984ಕ್ಕೆ ಮುಗೀತು. ಚೆನ್ನಾಗಿ ಆಡಿದ್ರೆ ಟೀಮ್ ಉಳಿಯುತ್ತೆ ಅನ್ನೋದು ಸುಳ್ಳು.

ಇದು ನನಗೂ ಆಗಿದೆ, ಚಿಕ್ಕದಾಗಿ. ಎಂಟನೇ ಕ್ಲಾಸಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಅಕಾಡೆಮಿಯಲ್ಲಿ ಆಡ್ತಿದ್ದೆ. ಹೆಸರು ಬೇಡ. ಮೂರು ತಿಂಗಳ ಫೀಸ್ ಅಡ್ವಾನ್ಸ್, ನನ್ನ ಜೆರ್ಸಿ ನಂಬರ್ 14. ಒಂದು ರಾತ್ರಿ ವಾಟ್ಸಾಪ್ ಗ್ರೂಪ್‌ನಲ್ಲಿ ಮೂರು ಸಾಲಿನ ಮೆಸೇಜ್ ಬಂತು, ಸದ್ಯಕ್ಕೆ ನಿಲ್ಲಿಸ್ತಿದ್ದೀವಿ ಅಂತ. ಬೆಳಗ್ಗೆ ಹೊತ್ತಿಗೆ ಅಡ್ಮಿನ್ ಗ್ರೂಪ್ ಬಿಟ್ಟಿದ್ರು. ಈಗ ಆ ಟರ್ಫ್ ಪಿಕಲ್‌ಬಾಲ್ ಕೋರ್ಟ್ ಆಗಿದೆ. ಅಪ್ಪ ಫೀಸ್ ಬಗ್ಗೆ ಬೈದುಕೊಂಡರು, ನಾನು ಟ್ಯೂಷನ್ ಸೇರಿದೆ, ಆಮೇಲೆ ಸಿಇಟಿ, ಆಮೇಲೆ ಇಲ್ಲಿ.

ಪಿಯುಸಿಯಲ್ಲಿದ್ದಾಗ ಒಂದು ಸಂಜೆ ಹೂಡಿ ಸಿಗ್ನಲ್‌ನಲ್ಲಿ ನಮ್ಮ ಕೋಚ್ ಸಿಕ್ಕರು. ಬೆನ್ನ ಮೇಲೆ ಡೆಲಿವರಿ ಬ್ಯಾಗ್. ನನಗೆ ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ. ಅವರೇ ಹೆಲ್ಮೆಟ್ ಗ್ಲಾಸ್ ಎತ್ತಿ, "ಲೆಫ್ಟ್ ಫೂಟ್ ಪ್ರಾಕ್ಟೀಸ್ ಮಾಡ್ತಿದ್ದೀಯೇನೋ?" ಅಂದರು. "ಹೂಂ ಸರ್" ಅಂದೆ. ಸುಳ್ಳು ಹೇಳಿದೆ. ಸಿಗ್ನಲ್ ಬಿಡ್ತು.

ಇದನ್ನ ತಾತನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಹುಡುಗರದ್ದು ಆಟ ನಿಂತಾಗ ಕೆಲಸ ಇತ್ತು ಕಣೋ. ಮಂಡಿ ಹೋದ್ರೂ ಮನೆ ನಡೀತಿತ್ತು" ಅಂದರು.

ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಕೆಲಸ ಗ್ಯಾರಂಟಿ ಇದ್ದಾಗ ಬೆವರು ಕಡಿಮೆ ಸುರಿಯೋದೂ ಇರುತ್ತೆ. ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ಅದು ಫ್ಯಾಕ್ಟರಿ ಟೀಮ್‌ನಿಂದ ಆಗ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ಆಗ ಆಟ ಆಡಿದ್ರೆ ಕೆಲಸ ಸಿಗ್ತಿತ್ತು. ಈಗ ಆಡೋಕೆ ನಾವೇ ಫೀಸ್ ಕಟ್ಟಬೇಕು. ಅಪ್ಪನ ಹತ್ರ ದುಡ್ಡಿಲ್ಲದ ಗೌತಮಪುರದ ಹುಡುಗ ಯಾವ ಬಾಗಿಲಿಂದ ಒಳಗೆ ಬರಬೇಕು?

2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ಒಪ್ಪಂದದ ಗೊಂದಲದಲ್ಲಿ ನಿಂತಾಗ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ಟೀಮಿನ ಸಂಬಳ ತಡೆಹಿಡಿದ ಸುದ್ದಿ ಬಂತು. ನಾನು ಹಾಸ್ಟೆಲ್ ರೂಮಲ್ಲಿ ಫೋನ್ ಹಿಡ್ಕೊಂಡು ಎಂಟನೇ ಕ್ಲಾಸಿನ ಆ ರಾತ್ರಿಯ ಹಾಗೇ ಕೂತಿದ್ದೆ. ಹನ್ನೆರಡು ವರ್ಷದ ನೀಲಿ ಜೆರ್ಸಿಯೂ ಮುಂದೊಂದು ದಿನ ಯಾರೋ ಮೊಮ್ಮಗ ನಂಬದ ಕಥೆ ಆಗಬಹುದು ಅಂತ ಮೊದಲ ಸಲ ಅನ್ನಿಸ್ತು.

ಮಾರನೇ ವಾರ ಊಟಕ್ಕೆ ಹೋದಾಗ ತಾತನ ಎದುರು ನೋಟ್‌ಬುಕ್ ತೆಗೆದಿಟ್ಟೆ. "ತಾತ, ನೀವು ನೋಡಿದ ಬೆಸ್ಟ್ ಇಲೆವೆನ್ ಹೇಳಿ. ಬರ್ಕೋತೀನಿ." ಅವರು ಕಣ್ಣು ಮುಚ್ಚಿಕೊಂಡು ಶುರು ಮಾಡಿದರು. ಒಬ್ಬೊಬ್ಬರ ಹೆಸರಿನ ಜೊತೆ ಯಾವ ಶಾಪ್, ಯಾವ ಶಿಫ್ಟ್, ಯಾವ ಕಾಲು. ಒಂಬತ್ತು ಹೆಸರು ಬಂತು. ಹತ್ತನೆಯದಕ್ಕೆ ನಿಂತರು. ಗೋಲ್‌ಕೀಪರ್ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ, ಕ್ಯಾಂಟೀನ್‌ನಲ್ಲಿ ಕೂರುತ್ತಿದ್ದ ಜಾಗ ಗೊತ್ತು, ಹೆಸರು ಬರ್ತಿಲ್ಲ. ಊಟ ಆಯ್ತು, ಬರಲಿಲ್ಲ. ನಾನು ಹೊರಡೋವಾಗ ಗೇಟಿನ ತನಕ ಬಂದು, "ರಾತ್ರಿ ನೆನಪಾದ್ರೆ ಫೋನ್ ಮಾಡ್ತೀನಿ" ಅಂದರು.

ಇನ್ನೂ ಮಾಡಿಲ್ಲ. ನೋಟ್‌ಬುಕ್‌ನಲ್ಲಿ ಎರಡು ಸಾಲು ಖಾಲಿ ಇವೆ.

ನಮ್ಮ ಕಾಲೇಜಿನಲ್ಲಿ ಈ ಕಡೆಯ ಹುಡುಗ ಹುಡುಗಿಯರು ತುಂಬಾ ಜನ ಇದ್ದೀರಿ. ನಿಮ್ಮ ಮನೆಯಲ್ಲೂ ಐಟಿಐ, ಎಚ್ಎಎಲ್, ಬಿಇಎಲ್, ಎಚ್ಎಂಟಿಯಿಂದ ರಿಟೈರ್ ಆದ ತಾತನೋ ದೊಡ್ಡಪ್ಪನೋ ಇರಬಹುದು. ಈ ವೀಕೆಂಡ್ ಮನೆಗೆ ಹೋದಾಗ ಒಂದು ಪ್ರಶ್ನೆ ಕೇಳಿ, ನಿಮ್ಮ ಟೀಮಿನ ಗೋಲ್‌ಕೀಪರ್ ಯಾರು ಅಂತ. ಐಟಿಐನವರಾದ್ರೆ ಉತ್ತರವನ್ನ ನನಗೆ ತಿಳಿಸಿ. ಥರ್ಡ್ ಸೆಮ್ ಇ.ಸಿ. ಕ್ಲಾಸ್, ಕೊನೇ ಬೆಂಚು.